ಟ್ಯೂಬ್‌ಲೈಟಿಗೆ ಹೆಸರುಂಟು, ಕೋಡಿಗೆ ಯಾಕಿಲ್ಲ?

ಉಡುಪಿ ಕಡೆಯ ಯಾವುದಾದರೂ ದೇವಸ್ಥಾನಕ್ಕೆ ಹೋದಾಗ ಒಮ್ಮೆ ತಲೆ ಎತ್ತಿ ಫ್ಯಾನ್ ನೋಡಿ. ಮೂರೂ ರೆಕ್ಕೆಯ ಮೇಲೆ ಕೊಟ್ಟವರ ಹೆಸರು ಇರುತ್ತೆ. ಟ್ಯೂಬ್‌ಲೈಟ್ ನೋಡಿ. ಹೆಸರು, ಊರು, ಮಕ್ಕಳು, ಮೊಮ್ಮಕ್ಕಳು ಎಲ್ಲ ಸೇರಿ ಬೆಳಕು ಬರೋಕೇ ಜಾಗ ಇರೋದಿಲ್ಲ. ನಾವು ಇದನ್ನ ನೋಡಿ ನಗ್ತೀವಿ. ಆದರೆ ನಾನು ಇದನ್ನ ತಪ್ಪು ಅನ್ನೋದಿಲ್ಲ. ಕೊಟ್ಟವರ ಹೆಸರು ಹೇಳೋದು ಒಳ್ಳೆಯ ಪದ್ಧತಿಯೇ.

ಹರಕೆ ಬಯಲಾಟ ತಗೊಳ್ಳಿ. ಟಿಕೆಟ್ ಇಲ್ಲ, ಗೇಟ್ ಇಲ್ಲ. ಯಾರು ಬೇಕಾದರೂ ಬಂದು ಕೂತು ನೋಡಬಹುದು. ಆದರೆ ಕರಪತ್ರದಲ್ಲಿ ಮೇಳದ ಹೆಸರುಂಟು, ಸೇವಾಕರ್ತರ ಹೆಸರುಂಟು. ಪರ್ಯಾಯದ ಹೊರೆಕಾಣಿಕೆ ನೋಡಿ. ಅಕ್ಕಿ, ತೆಂಗಿನಕಾಯಿ, ತರಕಾರಿ ತುಂಬಿದ ಲಾರಿಯ ಮುಂದೆ ಯಾವ ಊರಿನವರದ್ದು ಅಂತ ಬ್ಯಾನರ್ ಇರುತ್ತೆ. ಊಟ ಮಾಡುವವರಿಗೆ ಅದು ಪುಕ್ಕಟೆ. ಆದರೆ ಪುಕ್ಕಟೆ ಅಂದ ಮಾತ್ರಕ್ಕೆ ಅದು ವಾರಸುದಾರರಿಲ್ಲದ ಮಾಲು ಅಂತ ಉಡುಪಿಯಲ್ಲಿ ಯಾರೂ ತಿಳಿದುಕೊಂಡಿಲ್ಲ.

ಹಾಗಾದರೆ ನನ್ನ ಪ್ರಶ್ನೆ ಇಷ್ಟೇ. ಇಂಟರ್ನೆಟ್ಟಿಗೆ ಬಂದ ಕೂಡಲೇ ನಮ್ಮ ಈ ಬುದ್ಧಿ ಎಲ್ಲಿಗೆ ಹೋಗುತ್ತೆ?

ಇವತ್ತು ಊರ ದೇವಸ್ಥಾನಕ್ಕೆ ವೆಬ್‌ಸೈಟ್ ಇದೆ, ಯುವಕ ಮಂಡಲಕ್ಕೆ ಇದೆ, ಹೋಟೆಲಿಗೆ ಇದೆ, ಕಾಪು ಬೀಚಿನ ಹತ್ತಿರದ ಹೋಂಸ್ಟೇಗೆ ಇದೆ. ಮಾಡಿಕೊಟ್ಟವನು ಊರಿನದೇ ಹುಡುಗ. ಮಣಿಪಾಲದಲ್ಲೋ, ಕಾರ್ಕಳದ ಹತ್ತಿರ ನಿಟ್ಟೆಯಲ್ಲೋ, ಕಾಪು ಸೀಮೆಯ ಬಂಟಕಲ್ಲಿನಲ್ಲೋ ಇಂಜಿನಿಯರಿಂಗ್ ಓದ್ತಾ ಇರ್ತಾನೆ. ಬಹಳ ಸಂತೋಷ. ಪುಟದ ಕೊನೆಗೆ ಹೋಗಿ, ಸಣ್ಣ ಅಕ್ಷರದಲ್ಲಿ "ವಿನ್ಯಾಸ ಮತ್ತು ನಿರ್ಮಾಣ" ಅಂತ ಅವನ ಹೆಸರು. ಆದರೆ ಎಷ್ಟೋ ಸಲ ಒಳಗಿನ ಕಥೆ ಬೇರೆ. ಪುಟದ ಚೌಕಟ್ಟು ಯಾವುದೋ ದೇಶದ ಯಾರೋ ಒಬ್ಬ ರಾತ್ರಿ ನಿದ್ದೆಗೆಟ್ಟು ಬರೆದು ಉಚಿತವಾಗಿ ಹಂಚಿದ ಟೆಂಪ್ಲೇಟ್. ಜಾರುವ ಚಿತ್ರಗಳ ಕೋಡ್ ಮತ್ತೊಬ್ಬರದ್ದು. ಅಕ್ಷರದ ಫಾಂಟ್ ಮೂರನೆಯವರದ್ದು. ಆ ಮೂವರ ಹೆಸರೂ ಫೈಲಿನಲ್ಲಿ ಇತ್ತು. ಯಾರೋ ಕೂತು ಅಳಿಸಿದ್ದಾರೆ. ಅಳಿಸಿದ ಜಾಗದಲ್ಲಿ ತಮ್ಮ ಹೆಸರು ಬರೆದಿದ್ದಾರೆ.

ಬೇರೆಯವರ ಕೋಡ್ ಬಳಸೋದು ತಪ್ಪಾ? ಖಂಡಿತ ಅಲ್ಲ. ಬಳಸಲಿ ಅಂತಲೇ ಅವರು ಕೊಟ್ಟಿರೋದು. ಬದಲಾಯಿಸಬಹುದು, ಮಾರಬಹುದು, ಅದರಿಂದ ಸಂಪಾದನೆಯನ್ನೂ ಮಾಡಬಹುದು. ಹೆಸರು ಅಳಿಸಿದಲ್ಲಿ ಮಾತ್ರ ತಪ್ಪು ಶುರುವಾಗುತ್ತೆ.

ಎಂಐಟಿ ಲೈಸೆನ್ಸ್ ಅಂತ ಒಂದಿದೆ. ಮಣಿಪಾಲದಲ್ಲಿ ಎಂಐಟಿ ಅಂದ್ರೆ ಎಲ್ಲರಿಗೂ ನೆನಪಾಗೋದು 1957ರಲ್ಲಿ ಶುರುವಾದ ಅಲ್ಲಿನ ತಾಂತ್ರಿಕ ಕಾಲೇಜು. ಇದು ಅಮೆರಿಕದ ಎಂಐಟಿಯ ಹೆಸರಿನ ಪರವಾನಗಿ. ಜಗತ್ತಿನ ವೆಬ್‌ಸೈಟುಗಳ ಕೆಳಗೆ ಕೆಲಸ ಮಾಡುವ ಲೆಕ್ಕವಿಲ್ಲದಷ್ಟು ಕೋಡ್ ಈ ಪರವಾನಗಿಯಲ್ಲೇ ಬಂದಿದೆ. ಓದಿದರೆ ಅರ್ಧ ಪುಟವೂ ಇಲ್ಲ. ಏನು ಬೇಕಾದರೂ ಮಾಡಿಕೊಳ್ಳಿ ಅನ್ನುತ್ತೆ. ಷರತ್ತು ಒಂದೇ: ಬರೆದವರ ಹಕ್ಕಿನ ಸಾಲನ್ನೂ ಈ ಪರವಾನಗಿಯ ಮಾತನ್ನೂ ಪ್ರತಿಯ ಜೊತೆ ಉಳಿಸಿಕೊಳ್ಳಿ. ಅಷ್ಟೇ ಸ್ವಾಮಿ! ದುಡ್ಡು ಕೇಳಲಿಲ್ಲ, ಪಾಲು ಕೇಳಲಿಲ್ಲ.

ಇನ್ನೊಂದು ಸಂಗತಿ ನೋಡಿ. ಕೆಲವು ಉಚಿತ ಟೆಂಪ್ಲೇಟುಗಳಲ್ಲಿ, ಅಡಿಯಲ್ಲಿರುವ ನಮ್ಮ ಹೆಸರು ತೆಗೀಬೇಕು ಅಂದ್ರೆ ಇಷ್ಟು ಹಣ ಕೊಡಿ ಅಂತ ಬರೆದಿರುತ್ತೆ. ಇದರ ಅರ್ಥ ಏನು? ಆ ಹೆಸರೇ ಬೆಲೆ. ಹಣದ ಬದಲು ಅವರು ಹೆಸರು ಕೇಳಿದ್ದಾರೆ. ಹಣವನ್ನೂ ಕೊಡದೆ ಹೆಸರನ್ನೂ ಅಳಿಸಿದರೆ, ಹೋಟೆಲಲ್ಲಿ ಊಟ ಮಾಡಿ ಹಿಂಬಾಗಿಲಿಂದ ಹೋದ ಹಾಗೆ.

ಇದೆಲ್ಲ ಅಮೆರಿಕದ ವಿಚಾರ, ನಮಗ್ಯಾಕೆ ಅಂತೀರಾ? ಹಾಗಾದರೆ ಈಗ ನಾನು ಉಡುಪಿ ಮಣಿಪಾಲದ ಕಥೆಯನ್ನೇ ಹೇಳ್ತೀನಿ.

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡೋರು ಕೈ ಎತ್ತಿ. ತಾಲೂಕು ಕಚೇರಿಯವರು, ಪತ್ರಿಕೆಯವರು, ಡಿಟಿಪಿಯವರು, ಟಿವಿಯಲ್ಲಿ ಕೆಳಗೆ ಓಡುವ ಸುದ್ದಿಸಾಲು ಬರೆಯೋರು ಬಹಳ ಮಂದಿ ಇದ್ದೀರಿ. ಕೆ ಒತ್ತಿದರೆ ಕ. ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಟಿ ಒತ್ತಿದರೆ ತ, ಶಿಫ್ಟ್ ಜೊತೆಗೆ ಥ. ಎಫ್ ಒತ್ತಿದರೆ ಒತ್ತಕ್ಷರಕ್ಕೆ ಕೊಂಡಿ. "ಅಕ್ಕ" ಅಂತ ಬರೀಬೇಕಾ? ಎ, ಕೆ, ಎಫ್, ಕೆ. ನಾಲ್ಕು ಸಲ ಬೆರಳು ತಾಗಿಸಿದರೆ ಆಯ್ತು. ನಮ್ಮ ವರ್ಣಮಾಲೆ ಪೂರ್ತಿಯನ್ನ ಇಂಗ್ಲಿಷಿನ 26 ಕೀಲಿಗಳ ಒಳಗೇ ಕೂರಿಸಿದ ಜೋಡಣೆ ಇದು. ಅಂಕಿ, ಚುಕ್ಕಿ, ಅಲ್ಪವಿರಾಮದ ಕೀಲಿಗಳು ಇದ್ದಲ್ಲೇ ಇವೆ. ಕಲಿಯೋಕೆ ತಿಂಗಳು ಬೇಡ, ಒಂದು ವಾರ ಸಾಕು.

ಇದನ್ನ ಮಾಡಿದವರು ಯಾರು? ನುಡಿ ಅಂತೀರಿ. ಕಗಪ ಅಂತೀರಿ. ಸರ್ಕಾರ ಅಂತೀರಿ. ಸರ್ಕಾರ ಅಂಗೀಕರಿಸಿದ್ದು ಹೌದು, ಕನ್ನಡ ಗಣಕ ಪರಿಷತ್ತು ನುಡಿಯ ಮೂಲಕ ಮನೆಮನೆಗೆ ಮುಟ್ಟಿಸಿದ್ದೂ ಹೌದು. ಆದರೆ ಈ ಕೀಲಿಮಣೆಗೆ ಆಧಾರ ಕಿನ್ನಿಕಂಬಳ ಪದ್ಮನಾಭ ರಾವ್ ಅವರ ವಿನ್ಯಾಸ. ನಾವು ಕೆ.ಪಿ. ರಾವ್ ಅಂತ ಕರೆಯೋರು. 1940ರಲ್ಲಿ ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿ, ಮುಂಬೈಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಮುದ್ರಣ ತಂತ್ರಜ್ಞಾನದಲ್ಲೂ ದುಡಿದು, ಮಣಿಪಾಲದಲ್ಲಿ ಪಾಠ ಮಾಡಿ, ಉಡುಪಿಯಲ್ಲಿ ನೆಲೆ ನಿಂತವರು. ಈ ಜಾಣ್ಮೆಯನ್ನ ಅವರು ಮಾರಲಿಲ್ಲ. ಕನ್ನಡಕ್ಕೆ ಕೊಟ್ಟುಬಿಟ್ಟರು.

ಈಗ ಅವರು ಏನು ಮಾಡಿದರು ಅಂತ ಗಮನಿಸಿ. ಕನ್ನಡಕ್ಕಾಗಿ ತಂತ್ರಾಂಶ ಮಾಡಿದಾಗ ಅದಕ್ಕೆ ತಮ್ಮ ಹೆಸರು ಇಡಲಿಲ್ಲ. "ಸೇಡಿಯಾಪು" ಅಂತ ಇಟ್ಟರು. ಸೇಡಿಯಾಪು ಕೃಷ್ಣ ಭಟ್ಟರು, 1902ರಲ್ಲಿ ಹುಟ್ಟಿ 1996ರ ತನಕ ಬಾಳಿದ ದೊಡ್ಡ ಪಂಡಿತರು. ವ್ಯಾಕರಣ, ಛಂದಸ್ಸು, ಶಬ್ದಾರ್ಥ ಯಾವುದೇ ಇರಲಿ, ಕರಾವಳಿಯಲ್ಲಿ ಕೊನೆಯ ಮಾತು ಅವರದ್ದು. ಅಕ್ಷರದ ಒಳಗುಟ್ಟು ಬಲ್ಲ ಹಿರಿಯರ ಹೆಸರನ್ನ ಅಕ್ಷರ ಮೂಡಿಸುವ ತಂತ್ರಾಂಶಕ್ಕೆ ಇಟ್ಟರು. ಕ್ರೆಡಿಟ್ ಕೊಡೋದು ಅಂದ್ರೆ ಇದು. ಇದಕ್ಕೆ ವಕೀಲರ ನೋಟಿಸ್ ಬೇಕಾಗಿರಲಿಲ್ಲ, ಪರವಾನಗಿಯ ಷರತ್ತೂ ಬೇಕಾಗಿರಲಿಲ್ಲ.

ಅವರು ಹಿರಿಯರ ಹೆಸರು ಉಳಿಸಿದರು. ನಾವು ಅವರ ಹೆಸರು ಎಷ್ಟು ಉಳಿಸಿದ್ದೀವಿ? ಕನ್ನಡ ವಿಕಿಪೀಡಿಯದ ಟೈಪಿಂಗ್ ಪಟ್ಟಿಯಲ್ಲಿ ಈ ಜೋಡಣೆಗೆ ಕಗಪ, ನುಡಿ ಜೊತೆಗೆ ಕೆ.ಪಿ. ರಾವ್ ಅಂತಲೂ ಬರೆದಿದ್ದಾರೆ. ಬರೆದವರಿಗೆ ನಮಸ್ಕಾರ. ಲಿನಕ್ಸ್ ಕಂಪ್ಯೂಟರಿನ ಕೀಲಿಮಣೆ ಪಟ್ಟಿ ತೆರೆಯಿರಿ. ಕನ್ನಡಕ್ಕೆ ಮಾತ್ರ ಅಲ್ಲ, ತೆಲುಗು, ಹಿಂದಿ, ಮರಾಠಿ, ಸಂಸ್ಕೃತಕ್ಕೂ ಇದೇ ಮಾದರಿ ಹೋಗಿದೆ. ಎಷ್ಟು ಹೆಮ್ಮೆಯ ವಿಷಯ! ಆದರೆ ಅಲ್ಲಿರುವ ಹೆಸರು "ಕಗಪ" ಒಂದೇ. ಯಾರೋ ಕದ್ದರು ಅಂತ ನಾನು ಹೇಳ್ತಾ ಇಲ್ಲ. ಬಲ್ಲವರಿಗೆಲ್ಲ ಸತ್ಯ ಗೊತ್ತಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿದೆ. ಆದರೆ ದಿನವೂ ಆ ಕೀಲಿ ಒತ್ತುವ ಗುಮಾಸ್ತರನ್ನ, ಆಪರೇಟರನ್ನ, ಕಾಲೇಜು ಹುಡುಗರನ್ನ ಕೇಳಿ ನೋಡಿ. ಎಷ್ಟು ಮಂದಿ ಹೆಸರು ಹೇಳ್ತಾರೆ? ಯಾರೂ ಕೆಟ್ಟ ಬುದ್ಧಿಯಿಂದ ಅಳಿಸಲಿಲ್ಲ. ಕೈಯಿಂದ ಕೈಗೆ ದಾಟುವಾಗ ಹೆಸರು ಉದುರಿ ಹೋಯ್ತು. ಉಚಿತವಾಗಿ ಕೊಟ್ಟ ವಸ್ತುವಿನ ಹೆಸರು ಬಹಳ ಸುಲಭವಾಗಿ ಉದುರುತ್ತೆ. ಅದಕ್ಕೇ ಅದನ್ನ ಜಾಸ್ತಿ ಗಟ್ಟಿಯಾಗಿ ಹಿಡ್ಕೋಬೇಕು.

ಟ್ಯೂಬ್‌ಲೈಟ್ ಮೇಲೆ ಇರೋದು ದುಡ್ಡು ಕೊಟ್ಟವರ ಹೆಸರು. ಮಾಡಿದವರದ್ದಲ್ಲ. ಕಾರ್ಕಳದ ಗೊಮ್ಮಟ ನೋಡಿ. 42 ಅಡಿ ಎತ್ತರ, 1432ರಲ್ಲಿ ನಿಂತದ್ದು. ನಿಲ್ಲಿಸಿದ ವೀರಪಾಂಡ್ಯನ ಹೆಸರು ಶಾಸನದಲ್ಲಿ ಇದೆ, ಪಾಠಪುಸ್ತಕದಲ್ಲೂ ಇದೆ. ಕೆತ್ತಿದ ಕೈ ಯಾರದ್ದು ಅಂತ ಎಷ್ಟು ಜನ ಕೇಳ್ತಾರೆ?

ತುಳುನಾಡಿನ ಪಾಡ್ದನ ಅದನ್ನ ಕೇಳಿದೆ. ಬೀರ ಕಲ್ಕುಡ ಅನ್ನೋ ಶಿಲ್ಪಿ ಕಾರ್ಕಳದ ಗೊಮ್ಮಟನನ್ನ ಕಡೆದ. ಇಂಥದ್ದನ್ನ ಇನ್ನೊಬ್ಬನಿಗೆ ಮಾಡಿಕೊಡಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ ಅಂತ ಪಾಡ್ದನ ಹೇಳುತ್ತೆ. ತಂಗಿ ಕಲ್ಲುರ್ಟಿ ಸುಮ್ಮನಿರಲಿಲ್ಲ. ಇಬ್ಬರೂ ದೈವಗಳಾದರು. ಇವತ್ತಿಗೂ ಕೋಲ ನಡೆಯುತ್ತೆ, ಊರಿಗೆ ಊರೇ ಕೈ ಮುಗಿಯುತ್ತೆ. ಇತಿಹಾಸದವರು ಇದನ್ನ ಹೇಗೆ ಬೇಕಾದರೂ ಅಳೆಯಲಿ. ನನಗೆ ಕಾಣೋದು ಇಷ್ಟು: ಶಾಸನ ಅರಸನ ಹೆಸರು ಇಟ್ಟುಕೊಂಡಿತು, ಜನ ಶಿಲ್ಪಿಯ ಹೆಸರು ಇಟ್ಟುಕೊಂಡರು. ಮಾಡಿದವನಿಗೆ ಆದ ಅನ್ಯಾಯವನ್ನ ದೈವದ ಮಟ್ಟಕ್ಕೆ ಏರಿಸಿ ನೆನಪಿಟ್ಟ ಮಣ್ಣು ಇದು. ಅಂಥ ಮಣ್ಣಿನ ಮಕ್ಕಳು ಮೌಸ್ ಹಿಡಿದು ಬರೆದವನ ಹೆಸರು ಅಳಿಸಬಹುದಾ?

"ಸಾರ್, ಕೊಟ್ಟವರಿಗೇ ಹೆಸರಿನ ಆಸೆ ಇರಲಿಕ್ಕಿಲ್ಲ" ಅಂತ ಒಬ್ಬರು ವಾದ ಮಾಡಬಹುದು. ಇರಬಹುದು. ಕೆಲವರು ನಿಜವಾಗಿಯೂ, ನಮ್ಮ ಹೆಸರು ಬೇಡ, ಇದು ಎಲ್ಲರ ಸೊತ್ತು ಅಂತ ಬರೆದೇ ಕೊಡ್ತಾರೆ. ಅಂಥ ಕಡೆ ಹೆಸರು ಹಾಕಲೇಬೇಕು ಅಂತ ಕಾನೂನಿಲ್ಲ. ಆದರೆ ಆ ಮಾತನ್ನ ಕೊಟ್ಟವರು ಹೇಳಬೇಕು, ತಗೊಂಡವರಲ್ಲ. ಅದಕ್ಕೂ ಒಂದು ಉದಾಹರಣೆ ಕಾರ್ಕಳದ ಹತ್ತಿರವೇ ಇದೆ. ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ಅಂದ್ರೆ ನಮ್ಮ ಮುದ್ದಣ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾನೇ ಬರೆದ ಕಾವ್ಯವನ್ನ ಹಳೆಯ ಕವಿಯದ್ದು ಅಂತ ಹೇಳಿ ಮೈಸೂರಿಗೆ ಕಳಿಸಿದರು. 1901ರಲ್ಲಿ ಮೂವತ್ತೊಂದನೇ ವಯಸ್ಸಿಗೇ ತೀರಿಕೊಂಡರು. ತನ್ನ ಹೆಸರನ್ನ ತಾನೇ ಮುಚ್ಚಿಟ್ಟ ಮನುಷ್ಯ! ಆದರೂ ಕನ್ನಡದವರು ಬಿಡಲಿಲ್ಲ. ಹುಡುಕಿದರು, ಸತ್ಯ ಕಂಡುಕೊಂಡರು, ಕೃತಿಯನ್ನ ಅವರ ಹೆಸರಿಗೇ ಸೇರಿಸಿದರು. ಬೇಡ ಅಂದವರಿಗೂ ಹೆಸರು ಮರಳಿಸಿದ ಪರಂಪರೆ ನಮ್ಮದು. ಬೇಕು ಅಂತ ಬರೆದು ಕೇಳಿದವರ ಹೆಸರು ಅಳಿಸೋದು ಯಾವ ಪರಂಪರೆ?

ಸರಿ, ಸಂಸ್ಕೃತಿ ಬಿಡಿ, ಕಾನೂನಿಗೆ ಬರೋಣ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯೂ 1957ರದ್ದೇ. ಇವತ್ತು ಆ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಅನ್ನೋದು ಸಾಹಿತ್ಯ ಕೃತಿ. ಹೌದು, ಕಾದಂಬರಿ ಇರುವ ಸಾಲಿನಲ್ಲೇ ಕೋಡ್ ಇದೆ. ಅದರ 57ನೇ ಕಲಂ ಪ್ರಕಾರ ಹಕ್ಕು ಬೇರೆಯವರಿಗೆ ಬರೆದುಕೊಟ್ಟ ಮೇಲೂ "ಇದು ನನ್ನ ಕೃತಿ" ಅಂತ ಹೇಳಿಕೊಳ್ಳುವ ಹಕ್ಕು ಬರೆದವರ ಹತ್ತಿರ ಉಳಿಯುತ್ತೆ.

ಅಮೆರಿಕದಲ್ಲಿ ಒಂದು ಮೊಕದ್ದಮೆ ನಡೆಯಿತು. ರಾಬರ್ಟ್ ಜೇಕಬ್ಸನ್ ಅಂತ ಭೌತಶಾಸ್ತ್ರದ ಪ್ರೊಫೆಸರ್. ಆಟಿಕೆ ರೈಲು ಓಡಿಸುವ ಹವ್ಯಾಸಿಗಳಿಗಾಗಿ ಅವರೂ ಗೆಳೆಯರೂ ಸೇರಿ ಉಚಿತ ತಂತ್ರಾಂಶ ಬರೆದರು. ಒಂದು ಕಂಪನಿ ಅದರ ಫೈಲುಗಳನ್ನ ತನ್ನ ಉತ್ಪನ್ನದಲ್ಲಿ ಬಳಸಿತು, ಬರೆದವರ ಹೆಸರು ಮಾತ್ರ ಮಾಯ. ಉಚಿತವಾಗಿ ಕೊಟ್ಟದ್ದಕ್ಕೆ ಏನು ನಷ್ಟ ಅನ್ನೋದು ಪ್ರಶ್ನೆ. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ಹಣ ಪಡೆಯದಿದ್ದರೂ ಷರತ್ತು ಷರತ್ತೇ, ಮುರಿದರೆ ಕೃತಿಸ್ವಾಮ್ಯದ ಉಲ್ಲಂಘನೆ ಆಗಬಹುದು. 2010ರಲ್ಲಿ ಎದುರು ಪಕ್ಷ 1 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿ ಆಯ್ತು. ಆಟಿಕೆ ರೈಲಿನ ಕೋಡಿಗೆ!

ಕಾನೂನಿನ ಭಯಕ್ಕಿಂತ ದೊಡ್ಡ ಕಾರಣ ಒಂದಿದೆ. ಹೆಸರು ಅನ್ನೋದು ವಿಳಾಸ ಕೂಡ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಅನ್ನೋ ಉಚಿತ ಕೋಡಿನಲ್ಲಿ ದೊಡ್ಡ ತೂತು ಸಿಕ್ಕಿತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಗಾಬರಿ ಬಿದ್ದವು. ಎಷ್ಟೋ ಕಡೆ ಮೊದಲ ಪ್ರಶ್ನೆಯೇ, ಈ ಕೋಡ್ ನಮ್ಮಲ್ಲಿ ಎಲ್ಲೆಲ್ಲಿ ಇದೆ ಅನ್ನೋದು. ಅದನ್ನ ಸರಿ ಮಾಡೋಕೆ ಕೂತವರಲ್ಲಿ ಸಂಬಳ ಇಲ್ಲದ ಸ್ವಯಂಸೇವಕರೂ ಇದ್ದರು. ಈಗ ನಿಮ್ಮ ದೇವಸ್ಥಾನದ ಸೈಟಿಗೇ ಬನ್ನಿ. ಸೇವೆಗೆ ಆನ್‌ಲೈನಿನಲ್ಲಿ ಹಣ ಕಟ್ಟಿಸಿಕೊಳ್ತೀರಿ. ಒಳಗಿನ ಕೋಡ್ ಯಾರದ್ದು ಅನ್ನೋ ಗುರುತೇ ಅಳಿಸಿ ಹೋಗಿದ್ದರೆ, ನಾಳೆ ತೊಂದರೆ ಬಂದಾಗ ಯಾರ ಬಾಗಿಲು ತಟ್ತೀರಿ?

ಹೆಸರು ಉಳಿಸಿಕೊಂಡು ದೊಡ್ಡದಾದವರೂ ಇದ್ದಾರೆ. ವರ್ಡ್‌ಪ್ರೆಸ್ ಗೊತ್ತಲ್ಲ? ಇವತ್ತು ಹತ್ತು ವೆಬ್‌ಸೈಟುಗಳಲ್ಲಿ ಸುಮಾರು ನಾಲ್ಕು ಅದರ ಮೇಲೇ ನಿಂತಿವೆ. 2003ರಲ್ಲಿ ಅದು ಹುಟ್ಟಿದ್ದು ಮಿಶೆಲ್ ವಾಲ್ಡ್ರಿಗಿ ಅನ್ನೋರು ಬರೆದಿದ್ದ ಬಿ2 ಅನ್ನೋ ಉಚಿತ ತಂತ್ರಾಂಶದಿಂದ. ಇವತ್ತೂ ವರ್ಡ್‌ಪ್ರೆಸ್ ಪರವಾನಗಿಯ ಫೈಲ್ ತೆರೆದರೆ ವಾಲ್ಡ್ರಿಗಿ ಹೆಸರು ಅಲ್ಲಿದೆ. ಇಷ್ಟು ವರ್ಷ ಆ ಹೆಸರು ಹೊತ್ತದ್ದರಿಂದ ವರ್ಡ್‌ಪ್ರೆಸ್ ಚಿಕ್ಕದಾಯ್ತಾ?

ಹಾಗಾದರೆ ಮಾಡೋದೇನು? ಬಹಳ ಸುಲಭ. ಒಂದು, ಕೋಡ್ ತಗೊಳ್ಳೋ ಮೊದಲು ಪರವಾನಗಿ ಓದಿ. ಪರವಾನಗಿಯೇ ಇಲ್ಲ ಅಂದ್ರೆ ಅದು ಬಿಟ್ಟಿ ಮಾಲಲ್ಲ, ಎಲ್ಲ ಹಕ್ಕೂ ಬರೆದವರದ್ದೇ. ಕೇಳಿ ತಗೊಳ್ಳಿ. ಎರಡು, ಫೈಲಿನ ತಲೆಯಲ್ಲಿರುವ ಹೆಸರು, ವರ್ಷ, ಪರವಾನಗಿಯ ಸಾಲು ಮುಟ್ಟಬೇಡಿ. ಎಂಐಟಿ ಥರದ ಪರವಾನಗಿಗೆ ಅಷ್ಟು ಸಾಕು, ಪುಟದ ಮೇಲೆ ಮೆರೆಸಬೇಕು ಅಂತಿಲ್ಲ. ಮೂರು, ಹೆಸರು ಕಾಣಬೇಕು ಅಂತ ಕೇಳಿದ್ದರೆ ಪುಟದ ಅಡಿಯಲ್ಲೋ, "ಕೃತಜ್ಞತೆ" ಅಂತ ಬೇರೆ ಪುಟದಲ್ಲೋ ಹಾಕಿ: ಏನು, ಯಾರದ್ದು, ಎಲ್ಲಿಂದ ತಂದದ್ದು, ಯಾವ ಪರವಾನಗಿ, ನೀವು ಬದಲಾಯಿಸಿದ್ದೇನು. ನಾಲ್ಕು, ನಿಮ್ಮ ಹೆಸರೂ ಹಾಕಿಕೊಳ್ಳಿ, ಸಂಕೋಚ ಬೇಡ. ಆದರೆ ನೀವು ಮಾಡಿದ್ದಕ್ಕೆ ಮಾತ್ರ. "ಮೂಲ ವಿನ್ಯಾಸ ಇಂಥವರದ್ದು, ಕನ್ನಡಕ್ಕೆ ಒಗ್ಗಿಸಿದ್ದು ನಾನು" ಅಂತ ಬರೆದರೆ ನಿಮ್ಮ ಮರ್ಯಾದೆ ಹೆಚ್ಚುತ್ತೆ.

"ಕೃಪೆ: ಇಂಟರ್ನೆಟ್" ಅಂತ ಬರೆಯೋದು ಕ್ರೆಡಿಟ್ ಅಲ್ಲ. ನಮ್ಮ ಸುದ್ದಿ ಲೋಕದಲ್ಲೂ ಈ ಚಟ ಇದೆ. ಇಂಟರ್ನೆಟ್ ಅನ್ನೋ ಹೆಸರಿನ ಮನುಷ್ಯ ಯಾರೂ ಇಲ್ಲ. ಕಾಪು ದೀಪಸ್ತಂಭದ ಫೋಟೊವನ್ನ ಇಂಟರ್ನೆಟ್ ತೆಗೆಯಲಿಲ್ಲ. ಬಂಡೆಯ ಮೇಲೆ ಕ್ಯಾಮೆರಾ ಹಿಡಿದು ಕಾದು ನಿಂತ ಒಬ್ಬ ಮನುಷ್ಯ ತೆಗೆದ.

ಕಾಲೇಜಿನ ಅಧ್ಯಾಪಕರಿಗೆ ನನ್ನ ವಿನಂತಿ. ಪ್ರಾಜೆಕ್ಟಿಗೆ ಅಂಕ ಕೊಡುವಾಗ, ಈ ಕೋಡ್ ಎಲ್ಲಿಂದ ಬಂತು ಅಂತ ಒಂದು ಪ್ರಶ್ನೆ ಕೇಳಿ. ಪ್ರಾಮಾಣಿಕವಾಗಿ ಪಟ್ಟಿ ಕೊಟ್ಟ ಹುಡುಗಿಗೆ, ಹುಡುಗನಿಗೆ ಅಂಕ ಕಡಿಮೆ ಮಾಡಬೇಡಿ. ಹೆಸರು ಹೇಳಿದವರಿಗೆ ಶಿಕ್ಷೆ, ಅಳಿಸಿದವರಿಗೆ ಶಹಬ್ಬಾಸ್ ಅಂತಾದರೆ ಅವರು ಕಲಿಯೋದು ಅಳಿಸೋದನ್ನೇ. ದೇವಸ್ಥಾನ, ಸಂಘ ಸಂಸ್ಥೆಯವರಿಗೂ ಒಂದು ಮಾತು. ವೆಬ್‌ಸೈಟ್ ಮಾಡಿಸುವಾಗ ಬಳಸಿದ ಉಚಿತ ಸಾಮಾನಿನ ಪಟ್ಟಿಯನ್ನ ಬರೆದು ತಗೊಳ್ಳಿ. ಬಿಲ್ ತಗೊಳ್ತೀರಲ್ಲ, ಹಾಗೇ.

ಹುಡುಗರೇ, ನಿಮಗೆ ಕೊನೆಯ ಮಾತು. ಇವತ್ತು ನೀವು ತಗೊಳ್ಳೋರು. ನಾಳೆ ನೀವೂ ಕೊಡ್ತೀರಿ. ತುಳು ಲಿಪಿಗೋ, ಯಕ್ಷಗಾನ ಪ್ರಸಂಗಗಳ ಸಂಗ್ರಹಕ್ಕೋ, ಮೀನುಗಾರರಿಗೆ ಹವಾಮಾನ ಹೇಳೋಕೋ ನೀವು ಬರೆದ ಕೋಡನ್ನ ಲೋಕಕ್ಕೆ ಉಚಿತವಾಗಿ ಬಿಡ್ತೀರಿ. ಯಾವುದೋ ದೂರದ ಊರಲ್ಲಿ, ನಿಮ್ಮ ಮುಖ ನೋಡದ ಒಬ್ಬ ಅದನ್ನ ತೆರೀತಾನೆ. ಮೇಲಿನ ಸಾಲಿನಲ್ಲಿ ನಿಮ್ಮ ಹೆಸರು, ನಿಮ್ಮ ಊರಿನ ಹೆಸರು ಇರುತ್ತೆ. ಅವನ ಕೈ ಡಿಲೀಟ್ ಕೀಲಿಯ ಹತ್ತಿರ ಹೋಗುವಾಗ ಅವನು ಏನು ಮಾಡಬೇಕು ಅಂತ ನಿಮ್ಮ ಆಸೆ? ಅದನ್ನೇ ಇವತ್ತು ನೀವು ಮಾಡಿ.